ದುಷ್ಟ ಕುದುರೆಗಳನ್ನು ಹತೋಟಿಗೆ ತರುವ ಕ್ರಮ

ಕುದುರೆಯು ಒದೆದರೆ ಅಥವಾ ಕಚ್ಚಿದರೆ ಅದನ್ನು ಲಾಯದಲ್ಲಿ ಕಟ್ಟಿಹಾಕಿ, ಬೆವರಿಳಿಯುವವರೆಗೆ ಹೊಡೆಯುವವರುಂಟು. ಇದರಿಂದ ಹೊಡೆದವನ ಕೋಪವು ಶಮನವಾಗಬಹುದೇ ಹೊರತು ಕುದುರೆಯ ದುರ್ಗುಣವು ಕಡಮೆಯಾಗದು. ತಪ್ಪು ನಡೆದ ಎರಡು ಮೂರು ಕ್ಷಣಗಳೊಳಗೆ ದೊರೆತ ಶಿಕ್ಷೆಯನ್ನು ಮಾತ್ರವೇ ಈ ಪ್ರಾಣಿಯು ತನ್ನ ತಪ್ಪಿನೊಡನೆ ಹೊಂದಿಸಿಕೊಳ್ಳಬಲ್ಲುದು. ತಡವಾಗಿ ಬಿದ್ದ ಏಟಿನಿಂದ ಅದು ಕಲಿಯುವುದು, ಮನುಷ್ಯನು ಹತ್ತಿರ ಬಂದರೆ ನೋವುಂಟೆಂಬುದೊಂದನ್ನೇ. ಕಚ್ಚಲು ಬಂದೊಡನೆ ಗಟ್ಟಿಯಾಗಿ ಒಮ್ಮೆ ಗದರಿಸಿ, ಹಗ್ಗವನ್ನು ಜಗ್ಗಿ ಎರಡು ಹೆಜ್ಜೆ ಹಿಂದಕ್ಕೆ ಸರಿಸಿದರೆ ಸಾಕು. ಅದು ಮಣಿದ ಕೂಡಲೇ ಜಗ್ಗುವುದನ್ನು ಬಿಡತಕ್ಕದ್ದು. ಬಿಡುವುದೇ ಅದಕ್ಕೆ ಬಹುಮಾನ. ಬಹುಮಂದಿ ಮರೆಯುವುದೂ ಇದನ್ನೇ.

ಶಿಕ್ಷೆಗೆ ಮುಂಚೆ ಕಾರಣವನ್ನು ವಿಚಾರಿಸಬೇಕು. ದವಡೆಹಲ್ಲಿನ ಅಂಚು ಚೂಪಾಗಿ ಕೆನ್ನೆಯ ಒಳಭಾಗವನ್ನು ಕೊಯ್ಯುತ್ತಿದ್ದರೆ ಕುದುರೆಯು ಕಡಿವಾಣವನ್ನು ಒಲ್ಲದು. ಜೀನು ಉಜ್ಜಿ ಬೆನ್ನು ಹುಣ್ಣಾಗಿದ್ದರೆ ಸವಾರನನ್ನು ಕೆಡಹುವುದು. ಕೆಲಸವಿಲ್ಲದೆ ಯಥೇಚ್ಛವಾಗಿ ಹುರುಳಿ ತಿಂದು ನಿಂತ ಕುದುರೆಗೆ ಪುಂಡತನ ಬಾರದಿದ್ದರೇ ಆಶ್ಚರ್ಯ! ಆದರೆ ಸಾಧುವಾಗಿದ್ದ ಕುದುರೆಯು ಇದ್ದಕ್ಕಿದ್ದಂತೆ ಕಚ್ಚತೊಡಗಿ, ಜೊಲ್ಲು ಸುರಿಸುತ್ತ ನುಂಗಲಾರದೆ ಹೋದರೆ, ಅದು ಹುಚ್ಚುನಾಯಿಯ ಕಡಿತದಿಂದ ಬರುವ ರೋಗವಾಗಿರಬಹುದು. ಅದರ ಬಾಯೊಳಗೆ ಕೈಯಿಡದೆ, ಬೇರೆಯಾಗಿ ಕಟ್ಟಿಸಿ, ಪಶುವೈದ್ಯರಿಗೆ ತಿಳಿಸತಕ್ಕದ್ದು. ಕಚ್ಚಿಸಿಕೊಂಡವನ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಚುಚ್ಚುಮದ್ದಿಗಾಗಿ ಒಡನೆಯೇ ಆಸ್ಪತ್ರೆಗೆ ಕಳುಹಿಸಬೇಕು. ಇದರಲ್ಲಿ ವಿಳಂಬವು ಪ್ರಾಣಾಪಾಯಕರ.

ಕುದುರೆಗೆ ತನ್ನ ನೇರ ಹಿಂಬದಿಯು ಕಾಣಿಸದು. ಆದಕಾರಣ ಮಾತನಾಡಿಸುತ್ತ ಹೆಗಲಿನ ಕಡೆಯಿಂದ ಸಮೀಪಿಸಬೇಕು. ಹಗ್ಗವನ್ನು ಕೈಗೆ ಸುತ್ತಿಕೊಳ್ಳುವುದು ಕೂಡದು. ಬೆದರಿ ಓಡುವ ಕುದುರೆಯು ಹಾಗೆ ಸುತ್ತಿಕೊಂಡವನನ್ನು ಎಳೆದೊಯ್ಯುವುದು.

ಬೀಜದ ಕುದುರೆಗೆ ಚಾವಟಿಯೇ ಮದ್ದೆಂದು ವಾದಿಸುವವರು 1858ರ ಒಂದು ಸಂಗತಿಯನ್ನು ಗಮನಿಸಬಹುದು. ಆ ವರ್ಷ ಅಮೆರಿಕದ ಜಾನ್ ರೇರಿ ಎಂಬಾತನು ಇಂಗ್ಲೆಂಡಿನಲ್ಲಿ, ಯಾರನ್ನೂ ಹತ್ತಿರ ಬಿಡದಿದ್ದ ಕ್ರೂಸರ್ ಎಂಬ ಬೀಜದ ಕುದುರೆಯ ಒಂದು ಮುಂಗಾಲನ್ನು ಮಡಿಸಿ ಪಟ್ಟಿಯಿಂದ ಕಟ್ಟಿ, ಹೊಡೆಯದೆಯೇ ಕೆಲವು ಗಂಟೆಗಳಲ್ಲಿ ಮಣಿಸಿದನು. ಈ ಉಪಾಯವನ್ನು ಅನುಭವವಿಲ್ಲದವರು ಅನುಕರಿಸಬಾರದು. ಗಟ್ಟಿನೆಲದಲ್ಲಿ ಬಿದ್ದ ಕುದುರೆಯ ಮೊಣಕಾಲು ಕೆಡುವುದು. ತಳಿಗೆ ಬೇಡವಾದ ಗಂಡನ್ನು ಪಶುವೈದ್ಯರಿಂದ ಹಿಡ ಮಾಡಿಸುವುದೇ ಲೇಸು.

ಇಷ್ಟರಿಂದಲೂ ಹತೋಟಿಗೆ ಬಾರದ ಕುದುರೆಯನ್ನು ಜಾತ್ರೆಗೆ ಹೊಡೆದು, ಅದರ ದುರ್ಗುಣವನ್ನು ಮರೆಮಾಚಿ ಮಾರುವವರುಂಟು. ಅಂತಹ ಮಾರಾಟವು ಕಂಡುಬಂದಲ್ಲಿ, ಕುದುರೆಯ ನಡತೆಯನ್ನು ಕೊಳ್ಳುವವನ ಎದುರಿಗೆ ಬಾಯಿಬಿಟ್ಟು ಹೇಳುವಂತೆ ಗ್ರಾಮದ ಮುಖಂಡರು ಒತ್ತಾಯಪಡಿಸತಕ್ಕದ್ದು.