ಶೂನ್ಯ ಬಿಲ್ಲಿನ ಊರುಗಳಲ್ಲಿ ಸೌರ ಚಾವಣಿಯ ಲೆಕ್ಕ

ಮಳೆಗೆ ಕಾಯುವ ಚಿತ್ರದುರ್ಗ ಜಿಲ್ಲೆಯಲ್ಲಿ ಬಿಸಿಲಿಗೆ ಎಂದೂ ಬರ ಬಂದಿಲ್ಲ. ಮದಕರಿಪುರದಿಂದ ಹಿರಿಯೂರಿನವರೆಗೆ ಯಾವ ಆರ್‌ಸಿಸಿ ತಾರಸಿಯ ಮೇಲಾದರೂ 1 ಕಿಲೋವ್ಯಾಟ್ ಸೌರಫಲಕ ಕೂರಿಸಿದರೆ ದಿನಕ್ಕೆ ಸರಾಸರಿ 4 ಯೂನಿಟ್ ವಿದ್ಯುತ್ ಹುಟ್ಟುತ್ತದೆ. ಹಾಗಿದ್ದೂ ಸುತ್ತಲ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಕಾಣುವಷ್ಟು ಸಲೀಸಾಗಿ ಊರೊಳಗೆ ಫಲಕಗಳು ಕಾಣಸಿಗುವುದಿಲ್ಲ. ಇದಕ್ಕೆ ಜನರ ತಿಳಿವಳಿಕೆಯನ್ನು ದೂರುವುದು ಅನ್ಯಾಯ.

2024ರ ಫೆಬ್ರುವರಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ ಸಹಾಯಧನವಿದೆ. 3 ಕಿಲೋವ್ಯಾಟ್ ಘಟಕಕ್ಕೆ 1.8 ಲಕ್ಷ ತಗುಲಿತೆಂದರೆ ಮನೆಯವರ ಕೈಯಿಂದ ಹೋಗುವುದು 1 ಲಕ್ಷದಷ್ಟು. ಹಗಲಿನ ಹೆಚ್ಚುವರಿ ವಿದ್ಯುತ್ತನ್ನು ಬೆಸ್ಕಾಂ ಜಾಲಕ್ಕೆ ಕೊಟ್ಟು, ರಾತ್ರಿ ಬಳಸಿದ್ದರೊಡನೆ ವಜಾ ಮಾಡಿಕೊಳ್ಳುವ ‘ನೆಟ್ ಮೀಟರಿಂಗ್’ ಇರುವುದರಿಂದ, ತಿಂಗಳಿಗೆ 300 ಯೂನಿಟ್ ಬಳಸುವ ಮನೆಗೆ ಯೂನಿಟ್‌ಗೆ ಸುಮಾರು 6 ರೂಪಾಯಿಯಂತೆ ಐದಾರು ವರ್ಷಗಳಲ್ಲಿ ಅಸಲು ಹುಟ್ಟುತ್ತದೆ. ಫಲಕ 25 ವರ್ಷ ಬಾಳುತ್ತದೆ, ಇನ್ವರ್ಟರ್ ಮಾತ್ರ ನಡುವೆ ಒಮ್ಮೆ ಬದಲಾಗಬೇಕಾದೀತು. ಬ್ಯಾಟರಿಯಿಲ್ಲದ ಸಾಮಾನ್ಯ ಘಟಕವು ಕಂಬದ ಮೇಲಿನ ಲೈನ್‌ಮನ್‌ನ ರಕ್ಷಣೆಗಾಗಿ ಕರೆಂಟ್ ಹೋದೊಡನೆ ತಾನೂ ನಿಲ್ಲುತ್ತದೆ ಎಂಬುದನ್ನೂ, ಗಡಸು ಬೋರ್‌ವೆಲ್ ನೀರಿನಿಂದ ಧೂಳು ತೊಳೆದರೆ ಗಾಜಿನ ಮೇಲೆ ಬಿಳಿ ಪದರ ಕಟ್ಟಿ ಉತ್ಪಾದನೆ ಕುಗ್ಗುತ್ತದೆ ಎಂಬುದನ್ನೂ ಕೊಳ್ಳುವವರಿಗೆ ಮೊದಲೇ ಹೇಳಬೇಕು.

ಪರಿಸರದ ಲಾಭ ದೊಡ್ಡದು. ಕಲ್ಲಿದ್ದಲನ್ನೇ ಹೆಚ್ಚು ನೆಚ್ಚಿರುವ ದೇಶದ ಜಾಲದಲ್ಲಿ ಪ್ರತಿ ಯೂನಿಟ್‌ಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊಮ್ಮುವುದರಿಂದ, 3 ಕಿಲೋವ್ಯಾಟ್‌ನ ಅಂಥ ಒಂದು ತಾರಸಿ ವರ್ಷಕ್ಕೆ 3 ಟನ್‌ನಷ್ಟನ್ನು ತಪ್ಪಿಸುತ್ತದೆ. ಪಕ್ಕದ ಪಾವಗಡದ 2,050 ಮೆಗಾವ್ಯಾಟ್ ಸೌರ ಪಾರ್ಕ್‌ಗೆ ಸುಮಾರು 13,000 ಎಕರೆ ಬೇಕಾಯಿತು. ತಾರಸಿ ಯಾರ ಹೊಲವನ್ನೂ ಕೇಳುವುದಿಲ್ಲ.

ಆದರೆ ರಾಜ್ಯ ಸರ್ಕಾರದ 2023ರ ಗೃಹಜ್ಯೋತಿ ಯೋಜನೆಯಿಂದ ಶೂನ್ಯ ಬಿಲ್ ಪಡೆಯುವ, 100 ಯೂನಿಟ್ ಬಳಸುವ ಮನೆಗೆ ಫಲಕದಿಂದ ಒಂದು ರೂಪಾಯಿಯೂ ಉಳಿಯದು. ಬಡವರ ಮನೆಯ ಆ ಸೌಲಭ್ಯವನ್ನು ಕಿತ್ತುಕೊಳ್ಳಬಾರದು, ಅದನ್ನು ಕೊಡುವ ದಾರಿಯನ್ನು ಬದಲಿಸಬೇಕು. ಇಂಥ ಮನೆಯ ಪರವಾಗಿ ಸರ್ಕಾರ ತುಂಬುವುದು ತಿಂಗಳಿಗೆ 600 ರೂಪಾಯಿಯಷ್ಟು. ಅದೇ ಮನೆಗೆ ಸಾಲುವ 1 ಕಿಲೋವ್ಯಾಟ್ ಘಟಕಕ್ಕೆ 60,000 ಎಂದಿಟ್ಟುಕೊಂಡರೆ, ಕೇಂದ್ರದ ಪಾಲು ಕಳೆದು ಉಳಿಯುವ 30,000 ರೂಪಾಯಿಯನ್ನು ರಾಜ್ಯವೇ ಮುಂಗಡವಾಗಿ ಹಾಕಿದರೆ ನಾಲ್ಕು ವರ್ಷ ದಾಟುವಷ್ಟರಲ್ಲಿ ಅದು ತೀರಿ, ಮುಂದಿನ ಇಪ್ಪತ್ತು ವರ್ಷ ಬೊಕ್ಕಸದ ಹೊರೆ ಬಹುಪಾಲು ಇಳಿಯುತ್ತದೆ. ಹೊಸದುರ್ಗ, ಹೊಳಲ್ಕೆರೆಯ ಹಳ್ಳಿಗಳಲ್ಲಿ ಫಲಕದ ಭಾರ ತಾಳದ ಹೆಂಚಿನ, ತಗಡಿನ ಮನೆಗಳವರ ಪಾಲನ್ನು ಶಾಲೆ, ಪಂಚಾಯಿತಿ ಕಟ್ಟಡಗಳ ತಾರಸಿಯ ಮೇಲೆ ಕೂರಿಸಿ, ಅವರವರ ಮೀಟರಿನ ಲೆಕ್ಕಕ್ಕೆ ಜಮೆ ಮಾಡಬಹುದು.