ಹಾಸಿಗೆ ಇದ್ದಷ್ಟು

ವೃದ್ಧ ತಾಯಿಯ ಸೊಂಟನೋವಿಗೆಂದು ಸಾಲ ಮಾಡಿ ದಪ್ಪನೆಯ ಹಾಸಿಗೆ ತರಲು ಹೊರಟ ಗೃಹಸ್ಥರೊಬ್ಬರು ಸಲಹೆ ಕೇಳಿದರು. ದಪ್ಪವೆಲ್ಲ ಗಟ್ಟಿಯಲ್ಲ. ರಬ್ಬರು ಬೆರೆಸಿದ ತೆಂಗಿನನಾರಿನ 4 ಅಂಗುಲದ ಹಾಸಿಗೆ ಗಟ್ಟಿಯೂ ಹೌದು, ಕೈಗೆಟುಕುವಂಥದೂ ಹೌದು. ಆದರೆ ಅತಿ ಗಟ್ಟಿಯೂ ಹಿತವಲ್ಲ. 2003ರಲ್ಲಿ ಪ್ರಕಟವಾದ ಸ್ಪೇನಿನ ಅಧ್ಯಯನದಲ್ಲಿ, ದೀರ್ಘಕಾಲದ ಸೊಂಟನೋವಿನ 313 ಜನರ ಪೈಕಿ ಮಧ್ಯಮ ಗಟ್ಟಿಯ ಹಾಸಿಗೆ ಪಡೆದವರಿಗೇ ಹೆಚ್ಚು ಉಪಶಮನ ದೊರೆಯಿತು.

ಆದ್ದರಿಂದ ತಾಯಿಯವರನ್ನೇ ಅಂಗಡಿಗೆ ಕರೆದೊಯ್ದು, ಹತ್ತು ನಿಮಿಷ ಮಲಗಿಸಿ ನೋಡಿರಿ. ಸೊಂಟ ಕುಸಿಯಬಾರದು, ಭುಜಕ್ಕೆ ಒತ್ತಬಾರದು. ಅದಕ್ಕೂ ಹಣ ಸಾಲದಾದರೆ ಮನೆಯ ಹಳೆಯ ಹತ್ತಿಯನ್ನೇ ಬಿಸಿಲಿಗೆ ಹಾಕಿ, ಹಿಂಜಿಸಿ, ಬಿಗಿಯಾಗಿ ತುಂಬಿಸಿ, ಹಲಗೆಯ ಮಂಚದ ಮೇಲೆ ಹಾಸಿರಿ. ಹಾಸಿಗೆ ಇದ್ದಷ್ಟು ಕಾಲು ಚಾಚೆಂಬ ನಾಣ್ಣುಡಿ ಹಾಸಿಗೆ ಕೊಳ್ಳುವಾಗಲೂ ಸಲ್ಲುತ್ತದೆ. ಮಗನ ಸಾಲದ ಮೇಲೆ ಮಲಗಿದ ತಾಯಿಗೆ ನಿದ್ರೆ ಬಾರದು.