ಕನ್ನಡಕ್ಕೆ ಯಾಕೆ ಹಳದಿ ಡಬ್ಬಿ?

ಕೋಡ್ ಎಡಿಟರ್‌ನ ಡಿಸೈನ್ ಅಂದ ತಕ್ಷಣ ನಾವು ಮಾತಾಡೋದು ಥೀಮ್ ಬಗ್ಗೆ. ಡ್ರಾಕುಲಾ ಚೆನ್ನಾಗಿದ್ಯಾ, ಮೊನೊಕಾಯ್ ಚೆನ್ನಾಗಿದ್ಯಾ, ಲೈಟ್ ಥೀಮ್ ಹಾಕೋರೂ ಮನುಷ್ಯರೇನಾ ಅಂತ ಹಾಸ್ಟೆಲ್‌ನಲ್ಲಿ ರಾತ್ರಿ ಒಂದು ಗಂಟೆವರೆಗೂ ಜಗಳ. ಅದೇ ಎಡಿಟರ್‌ನಲ್ಲಿ ಕನ್ನಡದ ಒಂದು ಸಾಲು ಬರೆದರೆ ಹೇಗೆ ಕಾಣುತ್ತೆ ಅಂತ ಮಾತ್ರ ಯಾರೂ ಕೇಳಲ್ಲ.

ಕಳೆದ ಸೆಮ್‌ನಲ್ಲಿ ಹಳ್ಳಿಮೈಸೂರು ಕಡೆಯ ಜೂನಿಯರ್ ಒಬ್ಬ ಪೆನ್‌ಡ್ರೈವ್‌ನಲ್ಲಿ ಒಂದು ಪೈಥಾನ್ ಪ್ರೋಗ್ರಾಮ್ ತಂದಿದ್ದ. ಮನೆಯ ಆಲೂಗಡ್ಡೆ ಬೆಳೆಯ ಲೆಕ್ಕ: ಬಿತ್ತನೆ, ಗೊಬ್ಬರ, ಕೂಲಿ, ಮಾರುಕಟ್ಟೆಗೆ ಸಾಗಿಸೋ ಬಾಡಿಗೆ. ಹತ್ತನೇ ಕ್ಲಾಸ್‌ವರೆಗೂ ಕನ್ನಡ ಮೀಡಿಯಂ ಹುಡುಗ, ಕಾಮೆಂಟೆಲ್ಲ ಕನ್ನಡದಲ್ಲಿ. ಒಂದು ಕಡೆ ‘ಮುಂಗಡ ಕೊಟ್ಟ ಕೂಲಿ ಇದರಲ್ಲಿ ಸೇರಿಲ್ಲ’ ಅಂತ ಬರೆದಿದ್ದ. ಲ್ಯಾಪ್‌ಟಾಪ್‌ನಲ್ಲಿ ತೆರೆದರೆ ಪ್ರತಿ ಕನ್ನಡ ಅಕ್ಷರಕ್ಕೂ ಹಳದಿ ಡಬ್ಬಿ. ‘ಏನಣ್ಣ ಇದು, ವೈರಸ್ ಬಂದೈತಾ?’ ಅಂದ. ಮುಂದಿನ ವಾರ ಅದೇ ಫೈಲ್ ನೋಡಿದ್ರೆ ಆ ಸಾಲಿನ ಜಾಗದಲ್ಲಿ ‘ಲೇಬರ್ ಕಾಸ್ಟ್’ ಅಂತಿತ್ತು, ಇಂಗ್ಲಿಷಲ್ಲಿ. ಮುಂಗಡದ ವಿಷಯ ಮಾಯ.

ಆ ಡಬ್ಬಿಗೆ ಕಾರಣ ಇದೆ, ಕಾರಣ ಸರಿಯಾಗೇ ಇದೆ. 2021ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರು ‘ಟ್ರೋಜನ್ ಸೋರ್ಸ್’ ಅನ್ನೋ ದಾಳಿಯನ್ನ ಬಯಲಿಗಿಟ್ಟರು. ಕಣ್ಣಿಗೆ ಕಾಣದ ಯೂನಿಕೋಡ್ ಅಕ್ಷರಗಳನ್ನ ತೂರಿಸಿದರೆ ನಾವು ಓದೋ ಕೋಡೇ ಬೇರೆ, ಓಡೋ ಕೋಡೇ ಬೇರೆ ಆಗಬಹುದು. ಅದರ ಬೆನ್ನಲ್ಲೇ ವಿಎಸ್ ಕೋಡ್ 1.63ರಲ್ಲಿ ಅನುಮಾನದ ಅಕ್ಷರಗಳಿಗೆ ಡಬ್ಬಿ ಹಾಕೋ ವ್ಯವಸ್ಥೆ ಬಂತು. ತೊಂದರೆ ಏನಂದ್ರೆ, ‘ಈ ಫೋಲ್ಡರ್ ನಂಬಲ್ಲ’ ಅಂದಾಗ ಅದು ಆಸ್ಕಿ ಅಲ್ಲದ್ದನ್ನೆಲ್ಲ ಅನುಮಾನದ ಪಟ್ಟಿಗೆ ಸೇರಿಸುತ್ತೆ. ಬೇರೆಯವರ ಪೆನ್‌ಡ್ರೈವ್ ಅಂದ್ರೆ ನಂಬಲ್ಲ ಅನ್ನೋದೇ ಜಾಣತನ. ಹಾಗಾಗಿ ಜಾಣರ ಸ್ಕ್ರೀನ್ ಮೇಲೇ ಕನ್ನಡ ಕಳ್ಳನ ಥರ ಕಾಣೋದು.

ನಂಬದ ಫೋಲ್ಡರ್‌ನಲ್ಲಿ ಸ್ಟ್ರಿಂಗ್‌ಗೂ ಬಿಡುಗಡೆ ಇಲ್ಲ. ಪ್ರಿಂಟ್ ಮಾಡೋಕೆ ‘ರಾಜ್‌ಕುಮಾರ್’ ಅಂತ ಸ್ಟ್ರಿಂಗ್ ಬರೀರಿ. ‘ಜ್’ ಮತ್ತು ‘ಕು’ ಮಧ್ಯೆ ಒಂದು ಕಾಣದ ಅಕ್ಷರ ಇರುತ್ತೆ, ಇಲ್ಲದಿದ್ರೆ ಅದು ‘ರಾಜ್ಕುಮಾರ್’ ಆಗಿಬಿಡುತ್ತೆ. ಎಡಿಟರ್ ಅದಕ್ಕೂ ಡಬ್ಬಿ ಹಾಕುತ್ತೆ. ಅಣ್ಣಾವ್ರಿಗೇ ಈ ಗತಿ!

ಸಾಲಿನ ಎತ್ತರದ ಕಥೆ ಇನ್ನೊಂದು. ವಿಂಡೋಸ್, ಲಿನಕ್ಸ್‌ನಲ್ಲಿ ವಿಎಸ್ ಕೋಡ್ ಅಕ್ಷರದ ಗಾತ್ರದ 1.35 ಪಟ್ಟು ಎತ್ತರ ಕೊಡುತ್ತೆ. ಇಂಗ್ಲಿಷಿಗೆ ಧಾರಾಳ. ಮೇಲೆ ಗುಡಿಸು, ಕೆಳಗೆ ಎರಡೆರಡು ಒತ್ತು ಇರೋ ‘ಸ್ತ್ರೀ’ಗೆ ಇಕ್ಕಟ್ಟು. ಲೈನ್ ಹೈಟ್ ಸೆಟ್ಟಿಂಗ್‌ನಲ್ಲಿ 1.8 ಹಾಕಿ ನೋಡಿ, ಅಕ್ಷರ ಉಸಿರಾಡುತ್ತೆ. ಆದ್ರೆ ಫಸ್ಟ್ ಇಯರ್‌ನಲ್ಲಿ ಮೊದಲ ಸಲ ಎಡಿಟರ್ ತೆರೆಯೋರಿಗೆ ಹೀಗೊಂದು ಸೆಟ್ಟಿಂಗ್ ಇದೆ ಅಂತ ಗೊತ್ತಿರುತ್ತಾ?

ಕಂಪನಿ ಸೇರಿದ ಮೇಲೆ ಹೇಗಿದ್ರೂ ಇಂಗ್ಲಿಷಲ್ಲೇ ಬರೀಬೇಕು, ಈಗಿಂದಲೇ ರೂಢಿ ಆಗಲಿ ಅನ್ನೋರಿದ್ದಾರೆ. ಕಂಪನಿಯ ಕೋಡ್‌ಗೆ ಅದು ಸರಿ. ಆದ್ರೆ ಕಲಿಯೋವಾಗ ಬರೆಯೋ ಕಾಮೆಂಟ್ ನಮ್ಮ ಯೋಚನೆಯ ರಫ್ ವರ್ಕ್. ಅದನ್ನ ಯಾವ ಭಾಷೆಯಲ್ಲಿ ಮಾಡಬೇಕು ಅಂತ ಹಳದಿ ಬಣ್ಣ ಹೇಳಬಾರದು.

ಕಾವಲು ತೆಗೀರಿ ಅಂತ ನಾವು ಹೇಳ್ತಿಲ್ಲ. ಇಂಗ್ಲಿಷ್ ಪದದೊಳಗೆ ಅದರಂತೇ ಕಾಣೋ ರಷ್ಯನ್ ಅಕ್ಷರ ನುಸುಳಿದ್ರೆ ಡಬ್ಬಿ ಹಾಕಲಿ. ಇಡೀ ಪದ ಕನ್ನಡದ್ದೇ ಆಗಿದ್ರೆ ಬಿಡಲಿ. ಎರಡು ಕನ್ನಡ ಅಕ್ಷರದ ನಡುವೆ ಆ ಕಾಣದ ಅಕ್ಷರ ಬಂದ್ರೆ ಅದನ್ನೂ ಬಿಡಲಿ. 2015ರಿಂದ ಇದರ ಸೋರ್ಸ್ ಎಂಐಟಿ ಲೈಸೆನ್ಸ್‌ನಲ್ಲಿ ಗಿಟ್‌ಹಬ್‌ನಲ್ಲಿ ತೆರೆದೇ ಇದೆ, ಯಾರು ಬೇಕಾದ್ರೂ ಇಶ್ಯೂ ಹಾಕಬಹುದು. ಬರೀ ‘ಕನ್ನಡ ಸರಿ ಕಾಣ್ತಿಲ್ಲ’ ಅಂತ ಹಾಕಿದ್ರೆ ಪ್ರಯೋಜನ ಇಲ್ಲ. ಸ್ತ್ರೀ, ರಾಷ್ಟ್ರ, ರಾಜ್‌ಕುಮಾರ್, ಸಾಫ್ಟ್‌ವೇರ್ ಥರದ ಪದಗಳಿರೋ ಒಂದು ಟೆಸ್ಟ್ ಫೈಲ್, ಪ್ರತಿಯೊಂದಕ್ಕೂ ಈಗ ಹೇಗಿದೆ, ಹೇಗಿರಬೇಕು ಅನ್ನೋ ಎರಡು ಸ್ಕ್ರೀನ್‌ಶಾಟ್ ಬೇಕು. ರಾಜ್ಯೋತ್ಸವದ ಟೀ ಶರ್ಟ್ ಡಿಸೈನ್‌ಗೆ ನಮ್ಮ ಕ್ಲಬ್ ಒಂದು ತಿಂಗಳು ಕೂರುತ್ತೆ. ಇದಕ್ಕೆ ಎರಡು ಶನಿವಾರ ಸಾಕು, ಲ್ಯಾಬ್ ಹೇಗೂ ಖಾಲಿ ಇರುತ್ತೆ.